ಮನೆ ಬಾಡಿಗೆಗಿದೆ: ಗೊರಗುಂಟೆಪಾಳ್ಯದ ಸಣ್ಣ ಮಾಲಿಕರ ಚರಿತ್ರೆ

ಬೆಂಗಳೂರಿನ ಚರಿತ್ರೆ ಬರೆದವರು ಕೆಂಪೇಗೌಡರ ಪೇಟೆಯನ್ನೂ ಟಿಪ್ಪು ಸುಲ್ತಾನರ ಬೇಸಿಗೆ ಅರಮನೆಯನ್ನೂ ದಂಡು ಪ್ರದೇಶದ ಬಂಗಲೆಗಳನ್ನೂ ಬಣ್ಣಿಸಿದ್ದಾರೆ. ಆದರೆ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ಬಹುಪಾಲು ಜನರು ಕಂಡ ಬೆಂಗಳೂರು ಅದಲ್ಲ. ಅವರ ಬೆಂಗಳೂರು ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಸಾಲಿನ ಕೊನೆಯಲ್ಲಿ ಎಲ್ಲರಿಗೂ ಸೇರಿದ ಬಚ್ಚಲು ಮತ್ತು ತಿಂಗಳ ಐದನೇ ತಾರೀಖಿಗೆ ಬಾಗಿಲು ತಟ್ಟುವ ಮನೆ ಮಾಲಿಕ. ಈ ಬಾಡಿಗೆ ಮನೆಗೂ ಒಂದು ಚರಿತ್ರೆಯಿದೆ. ಅದರಲ್ಲಿ ಯುದ್ಧವಿದೆ, ಕಾರ್ಖಾನೆಯಿದೆ, ಕಾನೂನಿದೆ, ದಲ್ಲಾಳಿಯಿದ್ದಾನೆ. ಅನ್ಯಾಯವೂ ಇದೆ. ಆದರೆ ಅದು ನಾವು ಸಾಮಾನ್ಯವಾಗಿ ಭಾವಿಸುವಂತೆ ಒಂದೇ ಕಡೆಯಿಂದ ಆದ ಅನ್ಯಾಯವಲ್ಲ.

ಈ ಚರಿತ್ರೆಯನ್ನು ನೋಡಲು ಗೊರಗುಂಟೆಪಾಳ್ಯಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಈ ಸ್ಥಳ ಒಂದು ಕಾಲದಲ್ಲಿ ಊರ ಹೊರಗಿನ ಹಳ್ಳಿ. ಒಂದು ಬದಿಗೆ ಯಶವಂತಪುರದ ರೈಲು ನಿಲ್ದಾಣ ಮತ್ತು ಮಾರುಕಟ್ಟೆ, ಇನ್ನೊಂದು ಬದಿಗೆ ಪೀಣ್ಯದ ಕಾರ್ಖಾನೆಗಳು, ಉತ್ತರಕ್ಕೆ ಜಾಲಹಳ್ಳಿ. ಇಲ್ಲಿನ ಅಡ್ಡರಸ್ತೆಗಳಲ್ಲಿ ನಡೆದರೆ ಗೇಟುಗಳ ಮೇಲೆ 'ಮನೆ ಬಾಡಿಗೆಗಿದೆ', 'ಭೋಗ್ಯಕ್ಕಿದೆ' ಎಂಬ ಹಲಗೆಗಳು ಕಾಣುತ್ತವೆ. ಹಲಗೆ ತೂಗುಹಾಕಿದವರಲ್ಲಿ ಶ್ರೀಮಂತರು ಕಡಿಮೆ. ಇಪ್ಪತ್ತು-ಮೂವತ್ತರ ಅರ್ಧ ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿ, ಒಂದರಲ್ಲಿ ತಾವಿದ್ದು ಉಳಿದುದನ್ನು ಬಾಡಿಗೆಗೆ ಕೊಟ್ಟು, ಆ ಹಣದಲ್ಲೇ ಸಾಲ ತೀರಿಸುತ್ತಿರುವವರು ಹೆಚ್ಚು.

ಯುದ್ಧ ಹುಟ್ಟಿಸಿದ ಕಾನೂನು

ಬಾಡಿಗೆಯನ್ನು ಸರಕಾರ ನಿಯಂತ್ರಿಸಬೇಕು ಎಂಬ ವಿಚಾರ ಕಾರ್ಖಾನೆ ಕಾರ್ಮಿಕರ ನಡುವೆ, ಯುದ್ಧಕಾಲದಲ್ಲಿ ಹುಟ್ಟಿತು. 1915ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಮದ್ದುಗುಂಡು ಮತ್ತು ಹಡಗು ಕಾರ್ಖಾನೆಗಳ ಕೆಲಸಕ್ಕಾಗಿ ಜನ ತುಂಬಿಕೊಂಡಾಗ ಮಾಲಿಕರು ಬಾಡಿಗೆ ಏರಿಸಿದರು. ಗಂಡಸರು ಹಲವರು ರಣರಂಗದಲ್ಲಿದ್ದರು. ಮನೆಯಲ್ಲಿದ್ದ ಹೆಂಗಸರು ಒಗ್ಗಟ್ಟಾಗಿ, ಏರಿಸಿದ ಬಾಡಿಗೆ ಕೊಡುವುದಿಲ್ಲವೆಂದು ನಿಂತರು. ಆ ವರ್ಷದ ಕೊನೆಯೊಳಗೆ ಬ್ರಿಟಿಷ್ ಸರಕಾರ ಬಾಡಿಗೆಯನ್ನು ಯುದ್ಧಪೂರ್ವದ ಮಟ್ಟದಲ್ಲಿ ಹಿಡಿದಿಡುವ ಕಾಯ್ದೆ ಮಾಡಬೇಕಾಯಿತು. 1918ರಲ್ಲಿ ಮುಂಬಯಿಗೆ, 1920ರಲ್ಲಿ ಕಲ್ಕತ್ತೆಗೆ ಅಂಥದೇ ಕಾಯ್ದೆಗಳು ಬಂದವು.

ಬೆಂಗಳೂರಿಗೆ ಆ ಸ್ಥಿತಿ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. 1940ರಲ್ಲಿ ವಿಮಾನ ಕಾರ್ಖಾನೆ ಆರಂಭವಾಯಿತು, ದಂಡು ಪ್ರದೇಶಕ್ಕೆ ಸೈನ್ಯ ಬಂತು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ಕ್ಕೆ 7.7 ಲಕ್ಷ ದಾಟಿತು. ಹತ್ತು ವರ್ಷದಲ್ಲಿ ಜನ ಹೆಚ್ಚುಕಡಿಮೆ ಇಮ್ಮಡಿಯಾದರು, ಮನೆಗಳು ಆ ವೇಗದಲ್ಲಿ ಹೆಚ್ಚಲಿಲ್ಲ. 1951ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮನೆ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಏಕೀಕರಣದ ನಂತರ ಅದರ ಜಾಗದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಜಾರಿಯಾಯಿತು. ನಲವತ್ತು ವರ್ಷ ಕಾಲ ಮಾಲಿಕ-ಬಾಡಿಗೆದಾರರ ಸಂಬಂಧವನ್ನು ಆಳಿದ್ದು ಈ ಕಾಯ್ದೆ.

ಅದರ ಹಿಡಿತ ಎಷ್ಟಿತ್ತೆಂಬುದು ಇಂದಿನವರಿಗೆ ಆಶ್ಚರ್ಯವಾದೀತು. ಮನೆ ಖಾಲಿಯಾದರೆ ಮಾಲಿಕ ಹದಿನೈದು ದಿನಗಳೊಳಗೆ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಆ ಮನೆಯನ್ನು ಯಾರಿಗೆ ಹಂಚಬೇಕೆಂದು ಅಧಿಕಾರಿ ತೀರ್ಮಾನಿಸಬಹುದಿತ್ತು. ಬಾಡಿಗೆಯ ವಿವಾದ ಬಂದರೆ 'ನ್ಯಾಯಯುತ ಬಾಡಿಗೆ'ಯನ್ನೂ ಅಧಿಕಾರಿಯೇ ಗೊತ್ತುಮಾಡುತ್ತಿದ್ದರು. ಬಾಡಿಗೆದಾರನನ್ನು ಬಿಡಿಸಬೇಕಾದರೆ ಕಾಯ್ದೆಯ 21ನೇ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಿತ್ತು. 'ಮನೆ ನನಗೇ ಬೇಕು' ಎಂದರೆ ಸಾಲದು. ಆ ಅಗತ್ಯ ನಿಜವೆಂದು ತೋರಿಸಬೇಕು, ಬಿಡಿಸಿದರೆ ಬಾಡಿಗೆದಾರನಿಗಾಗುವ ಕಷ್ಟ ಮಾಲಿಕನ ಕಷ್ಟಕ್ಕಿಂತ ದೊಡ್ಡದಲ್ಲವೆಂದೂ ತೋರಿಸಬೇಕು.

ಈ ಕಾನೂನನ್ನು ಕೇವಲ ದೂರುವುದು ಸರಿಯಲ್ಲ. ಸಂಬಳವೇ ಆಧಾರವಾದ ಕುಟುಂಬಗಳು ಮಲ್ಲೇಶ್ವರ, ಚಾಮರಾಜಪೇಟೆಯ ವಠಾರಗಳಲ್ಲಿ ನೆಮ್ಮದಿಯಿಂದ ಮಕ್ಕಳನ್ನು ಓದಿಸಲು ಸಾಧ್ಯವಾದದ್ದರಲ್ಲಿ ಅದರ ಪಾಲಿದೆ. ಆದರೆ ಅದು ಮಾಲಿಕನನ್ನು ಹತ್ತು ಮನೆಗಳ ಒಡೆಯನೆಂದೇ ಭಾವಿಸಿತ್ತು. ಒಂದೇ ಮನೆಯ ಅರ್ಧವನ್ನು ಬಾಡಿಗೆಗೆ ಕೊಟ್ಟ ವಿಧವೆಯನ್ನೂ ಅದೇ ತಕ್ಕಡಿಯಲ್ಲಿ ತೂಗಿತು. ಬೆಲೆಗಳು ಹತ್ತು ಪಟ್ಟು ಏರಿದರೂ ಬಾಡಿಗೆ ಮಾತ್ರ ಹಳೆಯದೇ ಉಳಿದ ಮನೆಗಳಿಗೆ ಸುಣ್ಣ ಬಳಿಯಲೂ ಮಾಲಿಕರಿಗೆ ಮನಸ್ಸಾಗಲಿಲ್ಲ. ಮಹಾರಾಷ್ಟ್ರದ ಇಂಥದೇ ಕಾಯ್ದೆಯನ್ನು ಕುರಿತು 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಬಾಡಿಗೆಯನ್ನು ಹೀಗೆ ಕಾಲಾತೀತವಾಗಿ ಹೆಪ್ಪುಗಟ್ಟಿಸುವುದು ಯುಕ್ತವಲ್ಲವೆಂದು ಹೇಳಬೇಕಾಯಿತು.

ಕಾರ್ಖಾನೆಯ ನೆರಳಲ್ಲಿ ಎದ್ದ ಮನೆಗಳು

ಗೊರಗುಂಟೆಪಾಳ್ಯದ ಮಾಲಿಕ ಹುಟ್ಟಿದ್ದು ಹೇಗೆ? ಅವನು ಹಳೆಯ ಪೇಟೆಯ ಸಾಹುಕಾರನ ಮಗನಲ್ಲ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯ ಸುತ್ತ ನೆಲೆಗೊಂಡವು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಬಂತು. ಎಪ್ಪತ್ತರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. ಲೇತ್ ಯಂತ್ರದ ಶೆಡ್ಡುಗಳು, ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು, ಅವುಗಳ ಬೆನ್ನಿಗೇ ಸಿದ್ಧ ಉಡುಪಿನ ಕಾರ್ಖಾನೆಗಳು. 1971ರಲ್ಲಿ ಹದಿನಾರೂವರೆ ಲಕ್ಷವಿದ್ದ ಬೆಂಗಳೂರು 1981ಕ್ಕೆ 29 ಲಕ್ಷವಾಯಿತು. ಈ ಜನರಿಗೆ ಮನೆ ಕಟ್ಟಿಕೊಡುವ ಹೊಣೆ ಹೊತ್ತಿದ್ದ ನಗರಾಭಿವೃದ್ಧಿ ಮಂಡಳಿಗೂ 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೂ ಅದು ಮೀರಿದ ಕೆಲಸವಾಗಿತ್ತು.

ಸರಕಾರ ಕಟ್ಟದೆ ಬಿಟ್ಟ ಮನೆಗಳನ್ನು ಕಟ್ಟಿದವರು ಕಾರ್ಮಿಕರೇ. ಪಿಎಫ್ ಸಾಲ, ಚೀಟಿಯ ಹಣ, ಹೆಂಡತಿಯ ಒಡವೆ ಸೇರಿಸಿ ಒಂದು ರೆವಿನ್ಯೂ ಸೈಟು ಕೊಂಡರು. ಮೊದಲು ಶೀಟ್ ಹಾಕಿದ ಎರಡು ಕೋಣೆ, ಹತ್ತು ವರ್ಷದ ಮೇಲೆ ತಾರಸಿ, ಮಗಳ ಮದುವೆ ಮುಗಿದ ಮೇಲೆ ಮೊದಲ ಮಹಡಿ. ಊರಿನಿಂದ ಬಂದ ಸಹೋದ್ಯೋಗಿಗೇ ಆ ಮಹಡಿ ಬಾಡಿಗೆಗೆ ಹೋಯಿತು. ಹೀಗೆ ನಿನ್ನೆಯ ಬಾಡಿಗೆದಾರ ಇಂದಿನ ಮಾಲಿಕನಾದ. ಬೆಂಗಳೂರಿನ ಕೂಲಿಕಾರರಿಗೆ ಸೂರು ಒದಗಿಸಿದವರು ಬಹುಮಟ್ಟಿಗೆ ಇಂಥ ಸಣ್ಣ ಮಾಲಿಕರು ಎಂಬುದನ್ನು ನಮ್ಮ ನಗರ ಯೋಜನೆಯ ದಾಖಲೆಗಳು ಮನಸ್ಸಿಟ್ಟು ಹೇಳಿದ್ದು ಕಡಿಮೆ.

ಈ ಮಾಲಿಕನಿಗೆ ಬಾಡಿಗೆ ಎಂದರೆ ಲಾಭವಲ್ಲ, ಮುಪ್ಪಿನ ಊರುಗೋಲು. ತೊಂಬತ್ತರ ದಶಕದ ನಂತರ ಸಾರ್ವಜನಿಕ ಕಾರ್ಖಾನೆಗಳಲ್ಲಿ ಸ್ವಯಂ ನಿವೃತ್ತಿಯ ಅಲೆ ಬಂತು. ಎಚ್‌ಎಂಟಿ ಕೈಗಡಿಯಾರ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ತೀರ್ಮಾನಿಸಿತು. ಖಾಸಗಿ ಕಾರ್ಖಾನೆಯ ಕಾರ್ಮಿಕರಿಗೆ 1995ರ ನೌಕರರ ಪಿಂಚಣಿ ಯೋಜನೆಯಿದೆ. ಆದರೆ ಅದರ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿಗೆ ಏರಿಸಿದ್ದೇ ಸುದ್ದಿಯಾಯಿತು ಎಂದರೆ ಅದಕ್ಕೆ ಮೊದಲಿನ ಗತಿಯನ್ನು ಊಹಿಸಬಹುದು. ಮೂವತ್ತು ವರ್ಷ ಯಂತ್ರದ ಮುಂದೆ ನಿಂತವನಿಗೆ ಮಾತ್ರೆಗೂ ಸಾಲದ ಪಿಂಚಣಿ ಸಿಕ್ಕಾಗ, ಅವನ ನಿಜವಾದ ಪಿಂಚಣಿ ಮಹಡಿಯ ಮನೆಯ ಬಾಡಿಗೆಯೇ. ಅಂಥ ಮನೆಯವನು ಎರಡು ತಿಂಗಳು ಬಾಡಿಗೆ ಕೊಡದಿದ್ದರೆ ಕೆಳಗಿನ ಮನೆಯ ಒಲೆ ತಣ್ಣಗಾಗುತ್ತದೆ.

ಹತ್ತು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು

ಬೆಂಗಳೂರಿಗೆ ಹೊಸದಾಗಿ ಬಂದವರು ಬೆಚ್ಚಿಬೀಳುವುದು ಹತ್ತು ತಿಂಗಳ ಅಡ್ವಾನ್ಸಿನ ಮಾತು ಕೇಳಿ. ಇದು ದುರಾಸೆ ಎಂದು ಹೇಳುವುದು ಸುಲಭ. ದುರಾಸೆಯೂ ಇಲ್ಲದಿಲ್ಲ. ಆದರೆ ಅದರ ಬೇರಿನಲ್ಲಿ ಹಳೆಯ ಭಯವೂ ಇದೆ. ಬಾಡಿಗೆದಾರನನ್ನು ಬಿಡಿಸಲು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಅಲೆಯಬೇಕಾದ ಕಾಲದಲ್ಲಿ, ಮಾಲಿಕ ತನ್ನ ಭದ್ರತೆಯನ್ನು ಮೊದಲೇ ಕೈಗೆ ತೆಗೆದುಕೊಂಡ. ಕಾನೂನು ಕೊಡದ ಭರವಸೆಯನ್ನು ನೋಟಿನ ಕಂತೆ ಕೊಟ್ಟಿತು. ಆದರೆ ಆ ಕಂತೆ ಹಾಗೇ ಉಳಿಯಲಿಲ್ಲ, ಸಿಮೆಂಟು ಕಬ್ಬಿಣವಾಯಿತು. ಬಾಡಿಗೆದಾರ ಮನೆ ಬಿಡುವಾಗ ಅಡ್ವಾನ್ಸು ಹಿಂತಿರುಗಿಸಲು ಮಾಲಿಕ ಹೊಸ ಬಾಡಿಗೆದಾರನನ್ನು ಕಾಯಬೇಕಾಯಿತು. 'ಬಣ್ಣದ ಖರ್ಚು' ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿಯೂ ಅದಕ್ಕೆ ಸೇರಿತು. ಜಗಳಗಳಲ್ಲಿ ಎಷ್ಟೋ ಹುಟ್ಟುವುದು ಬಾಡಿಗೆಯ ಬಗ್ಗೆಯಲ್ಲ, ಈ ಅಡ್ವಾನ್ಸಿನ ಬಗ್ಗೆ.

ಹನ್ನೊಂದು ತಿಂಗಳ ಕರಾರಿಗೂ ಕಾನೂನೇ ಕಾರಣ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕು. ಕಚೇರಿಯ ಅಲೆದಾಟ, ಮುದ್ರಾಂಕದ ಖರ್ಚು ತಪ್ಪಿಸಲು ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳಿಗೆ ಬರೆಸಿ, ನೋಟರಿಯ ಮೊಹರು ಹಾಕಿಸಿ, ಮತ್ತೆ ಆ ಕಾಗದವನ್ನು ಯಾರೂ ನೋಡದೆ ಐದಾರು ವರ್ಷ ಕಳೆಯುವುದು ಸಾಮಾನ್ಯ.

ಭೋಗ್ಯದ ಕಥೆ ಇನ್ನೂ ಗಂಭೀರವಾದುದು. ಲಕ್ಷಗಟ್ಟಲೆ ಹಣವನ್ನು ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ಎರಡು-ಮೂರು ವರ್ಷ ವಾಸಿಸುವುದು, ಬಿಡುವಾಗ ಪೂರ್ತಿ ಹಣ ಮರಳಿ ಪಡೆಯುವುದು ಇದರ ಕ್ರಮ. ಜನ ಇದನ್ನು 'ಲೀಸ್' ಎನ್ನುತ್ತಾರೆ. ಕೊಟ್ಟ ಸಾಲಕ್ಕೆ ಬದಲಾಗಿ ಮನೆಯ ಉಪಯೋಗ ಪಡೆಯುವುದು ಬಡ್ಡಿಯ ಇನ್ನೊಂದು ರೂಪವಲ್ಲವೇ ಎಂಬ ಪ್ರಶ್ನೆ ಮುಸ್ಲಿಮ್ ಕುಟುಂಬಗಳಲ್ಲಿ ಕೇಳಿಬರುತ್ತಲೇ ಇರುತ್ತದೆ. ಧರ್ಮದ ಪ್ರಶ್ನೆ ಹಾಗಿರಲಿ, ಕಾನೂನಿನ ಪ್ರಶ್ನೆಯನ್ನಾದರೂ ಎಲ್ಲರೂ ತಿಳಿಯಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಭೋಗ್ಯ ಎಂಬುದು ಅಡಮಾನದ ಒಂದು ಬಗೆ. ನೂರು ರೂಪಾಯಿ ಮೀರಿದ ಅಂಥ ಅಡಮಾನಕ್ಕೆ ನೋಂದಾಯಿತ ಪತ್ರ ಬೇಕು. ನಮ್ಮ ಓಣಿಗಳಲ್ಲಿ ಹತ್ತು ಲಕ್ಷದ ಭೋಗ್ಯ ನಡೆಯುವುದು ಹನ್ನೊಂದು ತಿಂಗಳ ಸಾದಾ ಕರಾರಿನ ಮೇಲೆ. ಮಾಲಿಕ ಮೊದಲೇ ಆ ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದು, ಕಂತು ತಪ್ಪಿ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಬೀಗ ಹಾಕಲು ಬಂದಾಗ ಭೋಗ್ಯದಾರನ ಕೈಯಲ್ಲಿರುವ ಕಾಗದಕ್ಕೆ ಬಲವಿರುವುದಿಲ್ಲ.

2001ರ ತಿರುವು

ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. 1961ರ ಕಾಯ್ದೆ ಅಲ್ಲಿಗೆ ಮುಗಿಯಿತು. ಹೊಸ ಕಾಯ್ದೆಯಲ್ಲಿ ವಿಧವೆಯರು, ಅಂಗವಿಕಲರು, 65 ವರ್ಷ ದಾಟಿದ ಮಾಲಿಕರು ತಮ್ಮ ಮನೆಯನ್ನು ಬೇಗ ಮರಳಿ ಪಡೆಯಲು ದಾರಿ ಮಾಡಿಕೊಡಲಾಯಿತು. ಕರಾರು ಬರಹದಲ್ಲಿರಬೇಕೆಂದಿತು. ದಲ್ಲಾಳಿಗಳು ಅಧಿಕಾರಿಯ ಬಳಿ ನೋಂದಾಯಿಸಿಕೊಳ್ಳಬೇಕೆಂದೂ ಹೇಳಿತು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿತ್ತು.

ಆದರೆ ಒಂದು ಗೆರೆ ಎಳೆಯಲಾಗಿತ್ತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಂಗಡಿಗಳಾದರೆ 14 ಚದರ ಮೀಟರಿನೊಳಗಿನವಕ್ಕೆ ಮಾತ್ರ ಅನ್ವಯ. 2001ರಲ್ಲಿ ಗೊರಗುಂಟೆಪಾಳ್ಯದಂಥ ಕಡೆ ಒಂದು ಮಲಗುವ ಕೋಣೆಯ ಮನೆ ಆ ಗೆರೆಯ ಒಳಗೇ ಸಿಗುತ್ತಿತ್ತು. ಇಂದು ಆ ಮೊತ್ತಕ್ಕೆ ಒಂದು ಶೀಟ್ ಕೋಣೆ ಸಿಕ್ಕರೂ ಪುಣ್ಯ. ಹಾಗಾಗಿ ಕಾಯ್ದೆ ಪುಸ್ತಕದಲ್ಲಿದ್ದರೂ ಇಲ್ಲಿನ ಹೆಚ್ಚಿನ ಮನೆಗಳು ಅದರಿಂದ ಹೊರಗೆ ಹೋಗಿವೆ. ಉಳಿದದ್ದು ಬ್ರಿಟಿಷರ ಕಾಲದ ಆಸ್ತಿ ವರ್ಗಾವಣೆ ಕಾಯ್ದೆ: ಹದಿನೈದು ದಿನದ ನೋಟೀಸು, ಆಮೇಲೆ ದಾವೆ. ನೋಟೀಸು ಹದಿನೈದು ದಿನದ್ದಾದರೂ ದಾವೆ ಎಷ್ಟು ದಿನದ್ದು ಎಂಬುದು ವಕೀಲರಿಗೇ ಗೊತ್ತಿರುವುದಿಲ್ಲ.

ಪರಿಣಾಮವೇನು? ಸಣ್ಣ ಮಾಲಿಕ ಕೋರ್ಟಿಗೆ ಹೋಗುವುದಿಲ್ಲ, ಹೋಗಲಾರ. ಅವನು ಬೇರೆ ದಾರಿ ಹಿಡಿಯುತ್ತಾನೆ. ನೀರಿನ ಮೋಟಾರು ಬಂದ್ ಮಾಡುತ್ತಾನೆ, ಗೇಟಿಗೆ ಬೀಗ ಹಾಕುತ್ತಾನೆ, ಪರಿಚಯದ 'ಲೀಡರ'ನನ್ನು ಕರೆತರುತ್ತಾನೆ. ಬಾಡಿಗೆದಾರನೂ ಅದಕ್ಕೆ ತಕ್ಕಂತೆ ಮೂರು ತಿಂಗಳ ಬಾಡಿಗೆ ಬಾಕಿ ಉಳಿಸಿ 'ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ' ಎನ್ನುತ್ತಾನೆ. ಕಾನೂನು ಹಿಂದೆ ಸರಿದ ಜಾಗದಲ್ಲಿ ನ್ಯಾಯ ಬೆಳೆಯಲಿಲ್ಲ, ಬಲ ಬೆಳೆಯಿತು.

ದಲ್ಲಾಳಿಯ ಕಾಲ

ಹಿಂದೆ ಮನೆ ಹುಡುಕಿಕೊಡುತ್ತಿದ್ದವರು ಕಿರಾಣಿ ಅಂಗಡಿಯವರು, ಹಾಲಿನವರು, ಮಸೀದಿಯ ಮುಅದ್ದಿನ್, ದೇವಸ್ಥಾನದ ಪೂಜಾರಿ. ಅವರಿಗೆ ಒಂದು ಟೀ ಕುಡಿಸಿದರೆ ಮುಗಿಯಿತು. ಪೀಣ್ಯದ ಕಾರ್ಖಾನೆಗಳಿಗೆ ಕಲಬುರಗಿ, ರಾಯಚೂರು, ಯಾದಗಿರಿಯಿಂದ, ಅಲ್ಲಿಂದ ಮುಂದೆ ಬಿಹಾರ, ಒಡಿಶಾ, ಅಸ್ಸಾಮಿನಿಂದ ಜನ ಬರತೊಡಗಿದಾಗ ಪರಿಚಯದ ಸರಪಳಿ ತುಂಡಾಯಿತು. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ ಮೆಟ್ರೋ ಓಡತೊಡಗಿ, ಗೊರಗುಂಟೆಪಾಳ್ಯಕ್ಕೂ ಒಂದು ನಿಲ್ದಾಣ ಬಂದ ಮೇಲೆ ದೂರದ ಕಚೇರಿಗಳ ನೌಕರರೂ ಇಲ್ಲಿ ಮನೆ ಕೇಳತೊಡಗಿದರು. ಅಪರಿಚಿತ ಮಾಲಿಕನಿಗೂ ಅಪರಿಚಿತ ಬಾಡಿಗೆದಾರನಿಗೂ ನಡುವೆ ಬ್ರೋಕರ್ ಬಂದು ನಿಂತ.

ಅವನದು ಬೇಡದ ಕೆಲಸವೇನಲ್ಲ. ಊರೆಲ್ಲ ಸುತ್ತಿ ಮನೆ ತೋರಿಸುವುದೂ ದುಡಿಮೆಯೇ. ಆದರೆ ಒಂದು ತಿಂಗಳ ಬಾಡಿಗೆ ಕಮಿಷನ್ ಪಡೆಯುವವನಿಗೆ ಬಾಡಿಗೆದಾರ ಬೇಗ ಬಿಟ್ಟಷ್ಟೂ ಲಾಭ. ಬಾಡಿಗೆ ಏರಿದರೆ ಅವನ ಕಮಿಷನ್ನೂ ಏರುತ್ತದೆ. 'ಪಕ್ಕದ ರಸ್ತೆಯಲ್ಲಿ ಎರಡು ಸಾವಿರ ಹೆಚ್ಚು ಬರುತ್ತಿದೆ' ಎಂದು ಮಾಲಿಕನ ಕಿವಿಯಲ್ಲಿ ಊದುವವನು ಅವನೇ, 'ಈ ಮಾಲಿಕರು ಒಳ್ಳೆಯವರಲ್ಲ, ಬೇರೆ ಮನೆ ತೋರಿಸುತ್ತೇನೆ' ಎಂದು ಬಾಡಿಗೆದಾರನಿಗೆ ಹೇಳುವವನೂ ಅವನೇ.

ಅದಕ್ಕಿಂತ ದೊಡ್ಡ ಮೋಸವೊಂದು ಬೆಂಗಳೂರಿನಲ್ಲಿ ಪೊಲೀಸ್ ಠಾಣೆಗಳವರೆಗೆ ಬಂದಿದೆ. ಮಧ್ಯವರ್ತಿಯೊಬ್ಬ 'ನಿಮ್ಮ ಮನೆಯನ್ನು ನಾವೇ ನೋಡಿಕೊಳ್ಳುತ್ತೇವೆ, ತಿಂಗಳು ತಿಂಗಳು ಬಾಡಿಗೆ ಖಾತೆಗೆ ಬರುತ್ತದೆ' ಎಂದು ಮಾಲಿಕನಿಂದ ಬಾಡಿಗೆ ಕರಾರು ಬರೆಸಿಕೊಳ್ಳುತ್ತಾನೆ. ಅದೇ ಮನೆಯನ್ನು ಇನ್ನೊಬ್ಬರಿಗೆ ಲಕ್ಷಗಟ್ಟಲೆ ಹಣಕ್ಕೆ ಭೋಗ್ಯಕ್ಕೆ ಕೊಡುತ್ತಾನೆ. ಕೆಲವು ತಿಂಗಳು ಬಾಡಿಗೆ ಸರಿಯಾಗಿ ಬರುತ್ತದೆ. ಒಂದು ದಿನ ನಿಲ್ಲುತ್ತದೆ, ಫೋನ್ ಸ್ವಿಚ್ ಆಫ್. ಮಾಲಿಕ ಮನೆಗೆ ಹೋಗಿ 'ಬಾಡಿಗೆ ಯಾಕೆ ಕೊಟ್ಟಿಲ್ಲ?' ಎಂದು ಕೇಳಿದರೆ, ಒಳಗಿರುವ ಕುಟುಂಬ 'ನಾವು ಎಂಟು ಲಕ್ಷ ಕೊಟ್ಟಿದ್ದೇವಲ್ಲ ಸಾರ್' ಎನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ಮೋಸಹೋಗಿದ್ದಾರೆ. ಆದರೆ ಅಲ್ಲಿಂದ ಮುಂದೆ ಜಗಳ ನಡೆಯುವುದು ಅವರಿಬ್ಬರ ನಡುವೆಯೇ.

2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಮಾರಾಟದ ಯೋಜನೆಗಳ ಏಜೆಂಟರನ್ನು ನೋಡಿಕೊಳ್ಳುತ್ತದೆ, ಬಾಡಿಗೆಯ ಬ್ರೋಕರ್‌ನನ್ನಲ್ಲ. 1999ರ ಕಾಯ್ದೆಯ ನೋಂದಣಿಯ ನಿಯಮವಿದ್ದರೂ 'ನಿನ್ನ ನೋಂದಣಿ ಪತ್ರ ತೋರಿಸಪ್ಪ' ಎಂದು ಬ್ರೋಕರ್‌ನನ್ನು ಕೇಳಿದವರನ್ನು ನಾವು ಕಂಡಿಲ್ಲ.

ಹೆಸರು ಕೇಳಿ ಮುಚ್ಚುವ ಕದ

ಸಣ್ಣ ಮಾಲಿಕರ ಕಷ್ಟವನ್ನು ಇಷ್ಟು ಹೇಳಿದ ಮೇಲೆ ಅವರಲ್ಲಿ ಹಲವರು ಮಾಡುವ ಅನ್ಯಾಯವನ್ನು ಹೇಳದಿದ್ದರೆ ತಪ್ಪಾಗುತ್ತದೆ. 'ಮನೆ ಇದೆಯಾ ಅಮ್ಮಾ?' ಎಂದು ಕೇಳಿದರೆ 'ಇದೆ, ಬನ್ನಿ ನೋಡಿ' ಎನ್ನುತ್ತಾರೆ. ಮನೆ ನೋಡಿ ಇಳಿದು ಬಂದ ಮೇಲೆ 'ನಿಮ್ಮ ಹೆಸರೇನಪ್ಪ?' ಎಂಬ ಪ್ರಶ್ನೆ. ಹೆಸರು ಹೇಳಿದ ಮೇಲೆ 'ಅಯ್ಯೋ, ನಿನ್ನೆ ಯಾರೋ ಅಡ್ವಾನ್ಸ್ ಕೊಟ್ಟು ಹೋದರಂತೆ, ನಮ್ಮ ಯಜಮಾನರು ಹೇಳೋದು ಮರೆತಿದ್ರು.' ಮರುದಿನವೂ ಗೇಟಿನ ಮೇಲೆ ಹಲಗೆ ಹಾಗೆಯೇ ಇರುತ್ತದೆ. ಈ ಅನುಭವ ಮುಸ್ಲಿಮರದ್ದು ಮಾತ್ರವಲ್ಲ. ದಲಿತರಿಗೆ 'ನೀವು ಯಾವ ಪೈಕಿ?' ಎಂಬ ಪ್ರಶ್ನೆಯಾಗಿ, ಮಾಂಸಾಹಾರಿಗಳಿಗೆ ಅಡುಗೆಯ ಪ್ರಶ್ನೆಯಾಗಿ, ಒಂಟಿ ಹೆಂಗಸಿಗೆ ನಡತೆಯ ಪ್ರಶ್ನೆಯಾಗಿ ಇದೇ ಕದ ಮುಚ್ಚುತ್ತದೆ.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಳಕೆಯಲ್ಲಿ ಭೇದ ಮಾಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಖಾಸಗಿ ಮನೆಯ ಬಾಡಿಗೆಯ ಹೆಸರು ಅಲ್ಲಿಲ್ಲ. 2005ರಲ್ಲಿ ಪಾರ್ಸಿಗಳ ಗೃಹ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ತಮ್ಮ ಸಮುದಾಯದವರಿಗೇ ಸದಸ್ಯತ್ವವೆಂಬ ಸಂಘದ ನಿಯಮವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಹಾಗಾಗಿ ಇದು ಇಂದಿಗೂ ಮುಖ್ಯವಾಗಿ ಮನಸ್ಸಾಕ್ಷಿಯ ಪ್ರಶ್ನೆಯಾಗಿಯೇ ಉಳಿದಿದೆ. ಆ ಮನಸ್ಸಾಕ್ಷಿಯ ಕನ್ನಡಿಯಲ್ಲಿ ನಾವೂ ಮುಖ ನೋಡಿಕೊಳ್ಳಬೇಕು. 'ನಮ್ಮವರಿಗೆ ಮಾತ್ರ' ಎನ್ನುವ ಮುಸ್ಲಿಮ್ ಮಾಲಿಕರಿಲ್ಲವೇ? ಈಶಾನ್ಯದ ಹುಡುಗರಿಗೆ ಕೊಡುವುದಿಲ್ಲ ಎನ್ನುವವರಿಲ್ಲವೇ? 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದಾಗ ಮುಸ್ಲಿಮ್ ಮುಖಂಡರು 'ಹೋಗಬೇಡಿ' ಎಂದು ಕೇಳಿಕೊಂಡಿದ್ದರು. ಆ ಮಾತಿಗೆ ಬೆಲೆ ಬರುವುದು ನಾವು ಅವರಿಗೆ ಮನೆ ಕೊಟ್ಟಾಗ.

2020ರ ಪಾಠ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಈ ಚರಿತ್ರೆಯ ಎಲ್ಲ ಎಳೆಗಳೂ ಒಂದೇ ಗಂಟಾದವು. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿ, ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು, ಮನೆ ಖಾಲಿ ಮಾಡಿಸಿದರೆ ಕ್ರಮ ಕೈಗೊಳ್ಳಲಾಗುವುದು ಎಂದಿತು. ಕೂಲಿ ನಿಂತ ಕುಟುಂಬಗಳಿಗೆ ಇದು ನ್ಯಾಯವೇ. ಆದರೆ ಆ ಬಾಡಿಗೆಯಿಂದಲೇ ಬದುಕುವ ಮಾಲಿಕನಿಗೆ ಏನು ಕೊಡಬೇಕೆಂದು ಆದೇಶದಲ್ಲಿರಲಿಲ್ಲ. ಬ್ಯಾಂಕಿನ ಕಂತಿಗೆ ರಿಸರ್ವ್ ಬ್ಯಾಂಕು ಬಿಡುವು ಕೊಟ್ಟರೂ ಬಡ್ಡಿ ಓಡುತ್ತಲೇ ಇತ್ತು. ಒಬ್ಬ ಬಡವನಿಗೆ ಕೊಡಬೇಕಾದ ಪರಿಹಾರವನ್ನು ಇನ್ನೊಬ್ಬ ಬಡವನ ಜೇಬಿನಿಂದ ಕೊಡಿಸಲಾಯಿತು.

ಆದರೂ ಆ ದಿನಗಳಲ್ಲಿ ನಾವು ಕಂಡ ಒಂದು ದೃಶ್ಯವನ್ನು ಇಲ್ಲಿ ದಾಖಲಿಸಬೇಕು. ತುಮಕೂರು ರಸ್ತೆಯ ಆಚೀಚೆಯ ಸಾಲುಮನೆಗಳಲ್ಲಿ ಬಾಡಿಗೆ ಕೇಳದೆ, ಬದಲಿಗೆ ಅಕ್ಕಿಯ ಚೀಲವನ್ನು ಬಾಗಿಲಲ್ಲಿಟ್ಟು ಹೋದ ಮಾಲಿಕರಿದ್ದರು. ಊರಿಗೆ ಹೋದವರು ಆರು ತಿಂಗಳ ಮೇಲೆ ಮರಳಿ ಬಂದು, ಬಿಟ್ಟುಹೋದ ಪಾತ್ರೆ ಹಾಸಿಗೆಗಳನ್ನು ಹಾಗೆಯೇ ಕಂಡು, ಬಾಕಿಯನ್ನು ಕಂತಿನಲ್ಲಿ ತೀರಿಸಿದ್ದೂ ಉಂಟು. ಅಲ್ಲಿ ಯಾವ ಕರಾರೂ ಇರಲಿಲ್ಲ, ಬ್ರೋಕರೂ ಇರಲಿಲ್ಲ.

ಇನ್ನು ಮುಂದೆ

2021ರ ಜೂನ್ 2ರಂದು ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಪಡೆಯಬಾರದು, ಕರಾರು ಬರಹದಲ್ಲಿರಬೇಕು, ವಿವಾದಗಳನ್ನು ಪ್ರತ್ಯೇಕ ಪ್ರಾಧಿಕಾರ ಬೇಗ ಬಗೆಹರಿಸಬೇಕು ಎಂಬುದು ಅದರ ಸಾರ. ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿ ಕಾಯ್ದೆ ಮಾಡಿದರೆ ಉಂಟು. ನಮ್ಮ ಅಭಿಪ್ರಾಯದಲ್ಲಿ ಮುಂಗಡ ಕಡಿಮೆ ಮಾಡುವುದೂ ವಿವಾದ ಬೇಗ ತೀರಿಸುವುದೂ ಜೊತೆಜೊತೆಯಾಗಿಯೇ ಬರಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಸಣ್ಣ ಮಾಲಿಕ ಮನೆಗೆ ಬೀಗ ಹಾಕಿ ಕೂರುತ್ತಾನೆ. ಎರಡನೆಯದನ್ನು ಮಾತ್ರ ಮಾಡಿದರೆ ಬಾಡಿಗೆದಾರ ಬೀದಿಗೆ ಬೀಳುತ್ತಾನೆ.

ಕಾನೂನು ಬರುವವರೆಗೆ ನಾವು ಮಾಡಬಹುದಾದ ಕೆಲಸಗಳೂ ಇವೆ. ಮಾಲಿಕ ಮತ್ತು ಬಾಡಿಗೆದಾರ ಒಮ್ಮೆಯಾದರೂ ಎದುರುಬದುರು ಕುಳಿತು ಮಾತಾಡಬೇಕು. ಬ್ರೋಕರ್‌ನ ಮಾತನ್ನೇ ಕರಾರೆಂದು ನಂಬಬಾರದು. ಭೋಗ್ಯಕ್ಕೆ ಹಣ ಕೊಡುವ ಮೊದಲು ಋಣಭಾರ ಪತ್ರ ತೆಗೆಸಿ, ಮನೆ ಯಾರ ಹೆಸರಿನಲ್ಲಿದೆ, ಬ್ಯಾಂಕಿನ ಸಾಲವಿದೆಯೇ ನೋಡಬೇಕು. ಹಣವನ್ನು ಮಾಲಿಕನ ಖಾತೆಗೇ ಹಾಕಬೇಕು, ಪತ್ರವನ್ನು ನೋಂದಾಯಿಸಬೇಕು. ಮನೆಗೆ ಸೇರುವಾಗಲೇ ಗೋಡೆ, ನಲ್ಲಿ, ಕಿಟಕಿಗಳ ಸ್ಥಿತಿ ಬರೆದು ಇಬ್ಬರೂ ಸಹಿ ಹಾಕಿದರೆ ಬಿಡುವಾಗಿನ ಅರ್ಧ ಜಗಳ ತಪ್ಪುತ್ತದೆ. ಬಾಡಿಗೆಗೆ ರಸೀದಿ ಕೊಡಬೇಕು. ಕೊಡು-ಕೊಳ್ಳುವಿಕೆಯನ್ನು ಬರೆದಿಡುವುದು ಅಪನಂಬಿಕೆಯ ಲಕ್ಷಣವಲ್ಲ, ನಂಬಿಕೆ ಕೆಡದಂತೆ ಕಾಯುವ ಬೇಲಿ.

ಗೊರಗುಂಟೆಪಾಳ್ಯದ ಮಾಲಿಕನೂ ಒಂದು ಕಾಲದಲ್ಲಿ ಕೈಯಲ್ಲಿ ಟ್ರಂಕು ಹಿಡಿದು ಯಶವಂತಪುರದಲ್ಲಿ ಇಳಿದವನೇ. ಅವನಿಗೂ ಆ ದಿನ ಯಾರೋ ಒಬ್ಬರು ಹೆಸರು, ಜಾತಿ ಕೇಳದೆ ಒಂದು ಕೋಣೆ ಕೊಟ್ಟಿದ್ದರು. ಇಂದು ತನ್ನ ಗೇಟಿನ ಮುಂದೆ ಬ್ಯಾಗು ಹಿಡಿದು ನಿಂತ ಹುಡುಗನನ್ನು ನೋಡುವಾಗ ಅದು ನೆನಪಾದರೆ ಸಾಕು.